ವ್ಯಾಸತೀರ್ಥರು: ಹಂಪಿಯ ತರ್ಕಗುರು

ಚಕ್ರತೀರ್ಥದ ಬಳಿಯ ಈ ಗುಡ್ಡದ ಮೇಲೆ, ಷಟ್ಕೋನ ಯಂತ್ರದೊಳಗೆ ಧ್ಯಾನಕ್ಕೆ ಕುಳಿತ ಹನುಮನನ್ನು ಪ್ರತಿಷ್ಠಿಸಿದವರು ಮಾಧ್ವ ಯತಿ ವ್ಯಾಸತೀರ್ಥರೆಂದು ಪ್ರತೀತಿ. ಸುತ್ತ 12 ಕಪಿಗಳಿವೆ, ಎಣಿಸಿ ನೋಡಿ.

ಅಬ್ಬೂರಿನ ಬ್ರಹ್ಮಣ್ಯತೀರ್ಥರಿಂದ ಸನ್ಯಾಸ ಪಡೆದು, ಮುಳಬಾಗಿಲಿನ ಶ್ರೀಪಾದರಾಜರಲ್ಲಿ ಶಾಸ್ತ್ರ ಓದಿದ ಇವರು ವಿಜಯನಗರದಲ್ಲಿ ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾದರು. ಆದರೂ ದೊಡ್ಡ ಸಾಧನೆ ಗ್ರಂಥಗಳದ್ದೇ. ಇವರ ‘ನ್ಯಾಯಾಮೃತ’ ಅದ್ವೈತಕ್ಕೆ ಒಡ್ಡಿದ ಸವಾಲು ಎಷ್ಟು ಬಿಗಿಯಾಗಿತ್ತೆಂದರೆ, ಉತ್ತರಿಸಲು ಮಧುಸೂದನ ಸರಸ್ವತಿಯವರು ‘ಅದ್ವೈತಸಿದ್ಧಿ’ ಎಂಬ ಮಹಾಗ್ರಂಥವನ್ನೇ ಬರೆಯಬೇಕಾಯಿತು. ಇಂಥ ಕಠಿಣ ಸಂಸ್ಕೃತ ತಾರ್ಕಿಕರೇ ಕನ್ನಡದಲ್ಲಿ ಕೀರ್ತನೆಗಳನ್ನೂ ಹಾಡಿದರು. ಪುರಂದರದಾಸರು ಇವರ ಶಿಷ್ಯರು. ಮಠದವರ ಗೊಣಗಾಟಕ್ಕೆ ಸೊಪ್ಪುಹಾಕದೆ ಕನಕದಾಸರನ್ನೂ ಹತ್ತಿರ ಇಟ್ಟುಕೊಂಡರೆಂಬ ಕಥೆಗಳು ದಾಸಪರಂಪರೆಯಲ್ಲಿ ಹಲವು.

1539ರಲ್ಲಿ ಬೃಂದಾವನಸ್ಥರಾದರು. ಅವರ ಬೃಂದಾವನ ಆನೆಗೊಂದಿ ಬಳಿ, ತುಂಗಭದ್ರೆಯ ನಡುಗಡ್ಡೆಯಾದ ನವಬೃಂದಾವನದಲ್ಲಿದೆ. ಅಲ್ಲಿಗೆ ದೋಣಿಯಲ್ಲಿ ಹೋಗಬೇಕು.