ಡೀಸೆಲ್ ಜನರೇಟರಿನ ಎಂಜಿನ್ ನಿಯಂತ್ರಣ ಫಲಕ

ಡೀಸೆಲ್ ಎಂಜಿನ್ನನ್ನು ಚಾಲೂ ಮಾಡುವ, ಓಡುವಾಗ ಅದರ ಸ್ಥಿತಿ ತೋರಿಸುವ, ಅಪಾಯ ಕಂಡರೆ ತಾನಾಗಿ ನಿಲ್ಲಿಸುವ ಉಪಕರಣಗಳ ಪೆಟ್ಟಿಗೆಗೆ ಎಂಜಿನ್ ನಿಯಂತ್ರಣ ಫಲಕ ಎಂದು ಹೆಸರು. ಬಳಕೆಯ ಮಾತಿನಲ್ಲಿ ಇದು ಬರೀ ‘ಪ್ಯಾನೆಲ್’.

ಇದನ್ನು ಓದಲು ಬರುವುದು ಯಾಕೆ ಮುಖ್ಯ ಎಂಬುದಕ್ಕೆ ಚಾಮರಾಜನಗರ ಜಿಲ್ಲೆಯನ್ನೇ ನೋಡಬಹುದು. ಇಲ್ಲಿಗೆ ವಿದ್ಯುತ್ ಪೂರೈಸುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಚೆಸ್ಕಾಂ. ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಮರ ಉರುಳಿ ತಂತಿ ಕಡಿದರೆ ಆಸ್ಪತ್ರೆ, ಕಲ್ಯಾಣ ಮಂಟಪ, ಪೆಟ್ರೋಲ್ ಬಂಕ್, ಮೊಬೈಲ್ ಟವರ್‌ಗಳಿಗೂ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದ ಘಟಕಗಳಿಗೂ ಜನರೇಟರೇ ಗತಿ. ಇದೇ ಜಿಲ್ಲೆಯ ಗುಂಡ್ಲುಪೇಟೆಯಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಬಂಡೀಪುರ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧ 2009ರಿಂದ ಇದೆ. ಹೊತ್ತು ಮೀರಿ ಬಂದ ಕೇರಳ, ಊಟಿ ಕಡೆಯ ಪ್ರಯಾಣಿಕರು ಇಲ್ಲೇ ಉಳಿಯುತ್ತಾರೆ. ವಸತಿಗೃಹಗಳಲ್ಲಿ ರಾತ್ರಿಯಿಡೀ ಕರೆಂಟು ಇರಲೇಬೇಕು. ಕಂಪನಿಯ ಎಂಜಿನಿಯರ್ ಮೈಸೂರಿನಿಂದ ಬರಬೇಕಾದರೆ ಸುಮಾರು 60 ಕಿ.ಮೀ. ದಾರಿ. ಹಾಗಾಗಿ ಪ್ಯಾನೆಲ್ ಓದಲು ಬರುವವನೊಬ್ಬ ಜಾಗದಲ್ಲೇ ಇರುವುದು ಅಗತ್ಯ.

ಪ್ಯಾನೆಲ್‌ನಲ್ಲಿ ಎರಡು ಪಾಲುಗಳಿವೆ. ವೋಲ್ಟ್, ಆಂಪಿಯರ್, ಹರ್ಟ್ಸ್ ತೋರಿಸುವುದು ವಿದ್ಯುತ್ತಿನ ಪಾಲು. ಆಯಿಲ್ ಒತ್ತಡ, ಕೂಲೆಂಟ್ ತಾಪ, ಬ್ಯಾಟರಿ, ಓಡಿದ ಗಂಟೆಗಳನ್ನು ತೋರಿಸುವುದು ಎಂಜಿನ್ನಿನ ಪಾಲು. ದೀಪ ಉರಿದರೆ ಸಾಕೆನ್ನುವವರು ಮೊದಲನೆಯದನ್ನಷ್ಟೇ ನೋಡುತ್ತಾರೆ. ಎಂಜಿನ್ ಉಳಿಯುವುದೋ ಹಾಳಾಗುವುದೋ ಎಂಬುದು ಗೊತ್ತಾಗುವುದು ಎರಡನೆಯದರಲ್ಲಿ.

ಓದು ಶುರುವಾಗಬೇಕಾದದ್ದು ಎಂಜಿನ್ ಚಾಲೂ ಆಗುವ ಮೊದಲೇ. ಕೀ ತಿರುಗಿಸಿದ ಕೂಡಲೇ, ಸೆಲ್ಫ್ (ಸ್ಟಾರ್ಟರ್ ಮೋಟಾರ್) ಹೊಡೆಯುವ ಮುಂಚೆ, ಆಯಿಲ್ ದೀಪ ಮತ್ತು ಚಾರ್ಜಿಂಗ್ ದೀಪ ಎರಡೂ ಹೊತ್ತಿಕೊಳ್ಳಬೇಕು. ಸಾಮಾನ್ಯ ಆಯಿಲ್ ಸ್ವಿಚ್ ಒತ್ತಡವಿಲ್ಲದಾಗ ಮುಚ್ಚಿಕೊಂಡು ಎಂಜಿನ್ನಿನ ಮೈಗೆ ಸಂಪರ್ಕ ಕೊಡುತ್ತದೆ. ದೀಪ ಉರಿಯುವುದು ಅದರಿಂದ. ಇಲಿ ತಂತಿ ಕಡಿದಿದ್ದರೆ ದೀಪ ಉರಿಯುವುದಿಲ್ಲ, ಮುಂದೆ ಒತ್ತಡ ನಿಜವಾಗಿ ಬಿದ್ದಾಗಲೂ ಉರಿಯುವುದಿಲ್ಲ. ಆರಿದ ದೀಪ ಕಂಡು ಎಲ್ಲ ಸರಿಯಿದೆ ಎಂದುಕೊಂಡವರ ಎಂಜಿನ್ ಸೀಜ್ ಆಗುವುದು ಹೀಗೆ. ಚಾರ್ಜಿಂಗ್ ದೀಪದ ಮೇಲೂ ಇಷ್ಟೇ ಗಮನ ಬೇಕು. ಹಲವು ಎಂಜಿನ್‌ಗಳಲ್ಲಿ ಆ ಬಲ್ಬಿನ ಮೂಲಕ ಹರಿಯುವ ಕರೆಂಟೇ ಚಾರ್ಜಿಂಗ್ ಆಲ್ಟರ್ನೇಟರನ್ನು ಎಬ್ಬಿಸುತ್ತದೆ. ಬಲ್ಬ್ ಸುಟ್ಟಿದ್ದರೆ ಬ್ಯಾಟರಿಗೆ ಚಾರ್ಜ್ ಆಗದೆ ಹೋಗಬಹುದು. ಎಂಜಿನ್ ಓಡತೊಡಗಿದ ಮೇಲೂ ಆ ದೀಪ ಆರದಿದ್ದರೆ ಮೊದಲು ಬೆಲ್ಟ್ ನೋಡಬೇಕು.

ಚಾಲೂ ಆದ ಮೊದಲ ಕೆಲವು ಸೆಕೆಂಡು ಆಯಿಲ್ ಒತ್ತಡದ ರಕ್ಷಣೆ ಕೆಲಸ ಮಾಡದಂತೆ ಪ್ಯಾನೆಲ್ ಅದನ್ನು ತಡೆದಿಡುತ್ತದೆ. ಒತ್ತಡ ಏರಲು ಅಷ್ಟು ಹೊತ್ತು ಬೇಕು. ತಣ್ಣಗಿನ ಎಂಜಿನ್ನಿನಲ್ಲಿ ಆಯಿಲ್ ಮಂದವಾಗಿರುವುದರಿಂದ ಮುಳ್ಳು ಮೇಲೆ ನಿಲ್ಲುತ್ತದೆ, ಬಿಸಿಯಾದಂತೆ ಕೊಂಚ ಇಳಿಯುತ್ತದೆ. ಇದು ಸಹಜ. ಆದರೆ ಅದೇ ತಾಪ, ಅದೇ ಲೋಡಿನಲ್ಲಿ ಕಳೆದ ತಿಂಗಳಿಗಿಂತ ಒತ್ತಡ ಕಡಿಮೆ ತೋರಿದರೆ ಕಾರಣ ಹುಡುಕಬೇಕು. ತಯಾರಕರ ಪುಸ್ತಕದ ಅಂಕಿಯ ಜೊತೆಗೆ ಆ ಎಂಜಿನ್ನಿನ ಹಿಂದಿನ ದಾಖಲೆಯನ್ನೂ ಹೋಲಿಸಿ ನೋಡುವುದು ಒಳ್ಳೆಯ ಆಪರೇಟರನ ಲಕ್ಷಣ.

ತಾಪಮಾಪಕ ಮೋಸ ಮಾಡುವ ಸಂದರ್ಭ ಒಂದಿದೆ. ಅದರ ಸಂವೇದಕ ಕೂಲೆಂಟಿನಲ್ಲಿ ಮುಳುಗಿದ್ದಾಗ ಮಾತ್ರ ಸರಿಯಾದ ತಾಪ ತೋರುತ್ತದೆ. ಹೋಸ್ ಒಡೆದು ಕೂಲೆಂಟ್ ಪೂರ್ತಿ ಸೋರಿದರೆ ಅದು ಖಾಲಿ ಜಾಗದಲ್ಲಿ ನಿಂತು, ಎಂಜಿನ್ ಮಿತಿಮೀರಿ ಕಾದಿದ್ದರೂ ಕಡಿಮೆ ತಾಪ ತೋರಿಸಬಹುದು. ರೇಡಿಯೇಟರಿನಲ್ಲಿ ಮಟ್ಟದ ಸ್ವಿಚ್ಚನ್ನು ಬೇರೆಯಾಗಿ ಇಡುವುದು ಇದಕ್ಕೇ. ಚಾಮರಾಜನಗರದ ಕಪ್ಪು ಗ್ರಾನೈಟ್ ಕತ್ತರಿಸುವಂಥ ಘಟಕಗಳಲ್ಲಿ ತೊಂದರೆ ಬರುವ ದಾರಿ ಬೇರೆ: ಕಲ್ಲಿನ ದೂಳು ರೇಡಿಯೇಟರಿನ ಎಸಳುಗಳ ನಡುವೆ ಕೂತರೆ ಲೋಡು ಹೆಚ್ಚಿದಂತೆಲ್ಲ ತಾಪ ಏರುತ್ತದೆ. ಲೋಡಿಲ್ಲದಾಗ ತಣ್ಣಗಿದ್ದು, ಗರಗಸ ಚಾಲೂ ಆದಾಗ ಮಾತ್ರ ಟ್ರಿಪ್ ಆಗುವ, ಅಂದರೆ ತಾನಾಗಿ ನಿಲ್ಲುವ ಎಂಜಿನ್ನಿನಲ್ಲಿ ಸಂವೇದಕ ಬದಲಿಸುವ ಮೊದಲು ರೇಡಿಯೇಟರ್ ಶುಚಿಮಾಡಿ ನೋಡುವುದು ಲೇಸು. ಟ್ರಿಪ್ ಆಯಿತೆಂದು ಸಂವೇದಕದ ತಂತಿ ಕಿತ್ತು ಬೈಪಾಸ್ ಮಾಡುವ ರೂಢಿಯಂತೂ ಎಂಜಿನ್ನಿಗೆ ಮಾಡುವ ದ್ರೋಹ.

ಹರ್ಟ್ಸ್ ಮೀಟರ್ ವಿದ್ಯುತ್ತಿನ ಪಾಲಿನಲ್ಲಿದ್ದರೂ ಹೇಳುವುದು ಎಂಜಿನ್ನಿನ ವೇಗವನ್ನು. ಕರೆಂಟು ಉತ್ಪಾದಿಸುವ ಮುಖ್ಯ ಆಲ್ಟರ್ನೇಟರ್ ನಾಲ್ಕು ಧ್ರುವದ್ದಾದರೆ 50 ಹರ್ಟ್ಸ್ ಎಂದರೆ ನಿಮಿಷಕ್ಕೆ 1500 ಸುತ್ತು. ವೇಗವನ್ನು ಹತೋಟಿಯಲ್ಲಿಡುವ ಗವರ್ನರ್ ಯಾಂತ್ರಿಕವಾಗಿದ್ದರೆ ಲೋಡಿಲ್ಲದಾಗ 52ರ ಆಸುಪಾಸಿದ್ದು, ಪೂರ್ಣ ಲೋಡಿಗೆ 50ಕ್ಕೆ ಇಳಿಯುವುದು ಸರಿಯಾದ ನಡೆ. ಗಂಟೆ ಮೀಟರ್ ಆಯಿಲ್ ಬದಲಾವಣೆಯ ಲೆಕ್ಕಕ್ಕೆ ಬೇಕು.

ನಿಲ್ಲಿಸುವ ವ್ಯವಸ್ಥೆ ಎರಡು ಬಗೆ. ಒಂದರಲ್ಲಿ ಇಂಧನ ಸೊಲೆನಾಯ್ಡಿಗೆ ಕರೆಂಟು ಇರುವಷ್ಟು ಹೊತ್ತು ಎಂಜಿನ್ ಓಡುತ್ತದೆ, ತಪ್ಪಿದರೆ ನಿಲ್ಲುತ್ತದೆ. ಇನ್ನೊಂದರಲ್ಲಿ ನಿಲ್ಲಿಸಲಿಕ್ಕೇ ಕರೆಂಟು ಬೇಕು. ಈ ಬಗೆಯಲ್ಲಿ ಬ್ಯಾಟರಿ ಸಂಪರ್ಕ ಕಳಚಿದ್ದರೆ ಬಟನ್ ಒತ್ತಿದರೂ ಎಂಜಿನ್ ಓಡುತ್ತಲೇ ಇರಬಹುದು. ಆಗ ಇಂಧನ ಪಂಪಿನ ಬಳಿಯ ಲಿವರನ್ನು ಕೈಯಿಂದಲೇ ಎಳೆಯಬೇಕು. ತನ್ನ ಎಂಜಿನ್ ಯಾವ ಬಗೆಯದೆಂದು ಆಪರೇಟರ್ ಮೊದಲೇ ತಿಳಿದಿರಬೇಕು. ಕೆಂಪು ತುರ್ತು ಬಟನ್ ದಿನನಿತ್ಯ ಬಳಸುವುದಕ್ಕಲ್ಲ. ಲೋಡು ತೆಗೆದು ಮೂರರಿಂದ ಐದು ನಿಮಿಷ ಬರಿದೇ ಓಡಿಸಿ ನಿಲ್ಲಿಸಿದರೆ ಟರ್ಬೊದ ಬೇರಿಂಗು ತಣಿಯಲು ಸಮಯ ಸಿಗುತ್ತದೆ.

ಆಟೋ ವ್ಯವಸ್ಥೆಯಲ್ಲಿ ಕರೆಂಟು ಹೋದುದನ್ನು ಪ್ಯಾನೆಲ್ಲೇ ಗುರುತಿಸಿ, ಸಾಮಾನ್ಯವಾಗಿ ಮೂರು ಬಾರಿ ಸೆಲ್ಫ್ ಹೊಡೆದು ನೋಡುತ್ತದೆ. ಆಗದಿದ್ದರೆ ದೋಷ ತೋರಿಸಿ ಸುಮ್ಮನಾಗುತ್ತದೆ. ಆಟೋದಲ್ಲಿರುವ ಎಂಜಿನ್ ಯಾವ ಗಳಿಗೆಯಲ್ಲಾದರೂ ತಿರುಗಬಹುದು. ಬೆಲ್ಟಿಗೆ ಕೈಹಾಕುವ ಮೊದಲು ಸ್ವಿಚ್ಚನ್ನು ಆಫ್‌ಗೆ ತಂದು ಬ್ಯಾಟರಿಯ ಋಣ ತುದಿ ಕಳಚಲೇಬೇಕು. ಚೆಸ್ಕಾಂ ತಂತಿಯನ್ನು ಬೇರ್ಪಡಿಸಿ ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ಕಟ್ಟಡದ ವೈರಿಂಗಿಗೆ ನೇರ ಜೋಡಿಸಿದರೆ ಕರೆಂಟು ಹಿಮ್ಮುಖವಾಗಿ ಚೆಸ್ಕಾಂ ತಂತಿಗೆ ಹರಿದು, ಕಂಬದ ಮೇಲಿರುವ ಲೈನ್‌ಮ್ಯಾನ್‌ನ ಜೀವ ಹೋಗಬಹುದು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ನಾಲ್ಕು-ಪ್ಲಸ್ ಹಂತದ ಹೊಗೆ ಮಿತಿಗಳು 2023ರ ಜುಲೈ 1ರಿಂದ ಜಾರಿಗೆ ಬಂದ ಮೇಲೆ ಪ್ಯಾನೆಲ್‌ನ ರೂಪವೂ ಬದಲಾಗಿದೆ. ಎಲೆಕ್ಟ್ರಾನಿಕ್ ಇಂಜೆಕ್ಷನ್ ಇರುವ ಎಂಜಿನ್‌ಗಳಲ್ಲಿ ಮುಳ್ಳಿನ ಮಾಪಕಗಳ ಬದಲು ಪರದೆಯಿದೆ. ಎಂಜಿನ್ನಿನ ಸ್ವಂತ ಕಂಪ್ಯೂಟರ್ ಕಳಿಸುವ ದೋಷ ಸಂಕೇತಗಳು ಅದರಲ್ಲಿ ಮೂಡುತ್ತವೆ. ದೊಡ್ಡ ಎಂಜಿನ್‌ಗಳಲ್ಲಿ ಹೊಗೆ ಶುದ್ಧಿಗೆ ಬಳಸುವ ಯೂರಿಯಾ ದ್ರಾವಣದ ಮಟ್ಟವೂ ಕಾಣುತ್ತದೆ. ರೀಸೆಟ್ ಒತ್ತುವ ಮೊದಲು ಆ ಸಂಕೇತವನ್ನೂ ಗಂಟೆ ಮೀಟರಿನ ಅಂಕಿಯನ್ನೂ ಲಾಗ್ ಪುಸ್ತಕದಲ್ಲಿ ಬರೆದುಕೊಂಡು ಫೋನಿನಲ್ಲಿ ತಿಳಿಸಿದರೆ, ಮೈಸೂರಿನಿಂದ ಹೊರಡುವ ಎಂಜಿನಿಯರ್ ಬೇಕಾದ ಬಿಡಿಭಾಗವನ್ನು ಜೊತೆಗೇ ತರಬಹುದು.