ಲೋಣಾವಳದ ಮರಿ, ಕಾವೇರಿಯ ಮೀನು

ಪುಣೆಯ ಮುಳಾ-ಮುಠಾ ನದಿಯ ಮಹಶೀರ್ ಮೀನಿಗೆ 1839ರಲ್ಲಿ ವೈಜ್ಞಾನಿಕ ಹೆಸರಿಟ್ಟವರು ಕರ್ನಲ್ ಸೈಕ್ಸ್. ಇದರ ಮೊಟ್ಟೆ ತಳದ ಕಲ್ಲುಗಳ ನಡುವೆ ಇಳಿಯುತ್ತೆ. ಮರಿಗೆ ಮೊದಮೊದಲು ಸರಿಯಾಗಿ ಈಜೋಕೂ ಬರಲ್ಲ, ಕಲ್ಲಿನ ಸಂದೀಲಿ ತಲೆ ಮರೆಸಿಕೊಂಡಿರುತ್ತೆ. ಬೇರೆ ಮೀನುಗಳಿಗೆ ಸುಲಭದ ತುತ್ತು!

1970ರ ದಶಕದಲ್ಲಿ, ಪುಣೆ ಜಿಲ್ಲೆಯ ಲೋಣಾವಳದಲ್ಲಿ, ಸಿ. ವಿ. ಕುಲಕರ್ಣಿ ಮತ್ತು ಟಾಟಾ ವಿದ್ಯುತ್ ಕಂಪನಿಯವರು ತೊಟ್ಟಿಯಲ್ಲೇ ಮರಿ ಮಾಡಿಸಿ ಈ ಗಂಡಾಂತರ ದಾಟಿಸಿದರು. ಸರಿ, ಆಮೇಲೆ?

ಆ ಮರಿಗಳನ್ನು ನಮ್ಮ ಕಾವೇರಿಗೂ ಬಿಟ್ಟರು. ಅವು ಅಲ್ಲಿ ಹೆಚ್ಚಿದವು. ಕಾವೇರಿಯದ್ದೇ ಆದ ಗೂನುಬೆನ್ನಿನ ಮಹಶೀರ್ ಕುಗ್ಗುತ್ತಾ ಬಂತು. 2018ರಲ್ಲಿ ಅದು ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿ ಸೇರಿತು.

ನೋಡಿ, ಮರಿ ಉಳಿಸಿದ್ರೆ ಸಾಲದು. ಯಾವ ನದಿಗೆ ಬಿಡ್ತೀವಿ ಅನ್ನೋದನ್ನೂ ಯೋಚಿಸಬೇಕು.