ಕೆರೆದ ಹಲಗೆ: ‘ತಬುಲಾ ರಾಸಾ’ ನುಡಿಯ ಅರ್ಥ ಮತ್ತು ಮೂಲ

ಲ್ಯಾಟಿನ್ ಭಾಷೆಯ ‘ತಬುಲಾ ರಾಸಾ’ ಎಂಬ ನುಡಿಯನ್ನು ‘ಖಾಲಿ ಹಲಗೆ’ ಎಂದು ಅರ್ಥೈಸುವುದು ರೂಢಿಯಾಗಿದ್ದರೂ, ಅದರ ಪದಶಃ ಅರ್ಥ ‘ಕೆರೆದ ಹಲಗೆ’ ಎಂದೇ ಆಗುತ್ತದೆ. ‘ತಬುಲಾ’ ಎಂದರೆ ಹಲಗೆ. ‘ರಾಸಾ’ ಎಂಬುದು ಕೆರೆ, ಹೆರೆ ಎಂಬರ್ಥದ ‘ರಾದೆರೆ’ ಕ್ರಿಯಾಪದದಿಂದ ಬಂದ ಭೂತಕೃದಂತ. ಏನನ್ನೂ ಬರೆಯದ ಹಲಗೆಯೇ ಬೇರೆ, ಬರೆದುದನ್ನು ಅಳಿಸಿದ ಹಲಗೆಯೇ ಬೇರೆ. ಈ ನುಡಿಯ ಇತಿಹಾಸವೆಂದರೆ ಬಹುಮಟ್ಟಿಗೆ ಎರಡನೆಯ ಅರ್ಥವು ಮೊದಲನೆಯದರಲ್ಲಿ ಕರಗಿಹೋದ ಇತಿಹಾಸ.

ರೋಮನ್ನರು ಲೆಕ್ಕಪತ್ರ, ಓಲೆ, ಮಕ್ಕಳ ಅಭ್ಯಾಸ ಮುಂತಾದವುಗಳಿಗೆ ಮರದ ಹಲಗೆಯ ನಡುಭಾಗವನ್ನು ತುಸು ತಗ್ಗಾಗಿ ಕೊರೆದು, ಅದರಲ್ಲಿ ಮೇಣ ತುಂಬಿ ಬಳಸುತ್ತಿದ್ದರು. ಬರೆಯಲು ನಮ್ಮ ಓಲೆಗರಿಯ ಕಂಟವನ್ನು ಹೋಲುವ ‘ಸ್ಟೈಲಸ್’ ಎಂಬ ಸಾಧನವಿದ್ದು, ಅದರ ಒಂದು ತುದಿ ಚೂಪಾಗಿಯೂ ಇನ್ನೊಂದು ತುದಿ ಮೇಣವನ್ನು ಸವರಿ ಸಮ ಮಾಡಲು ಚಪ್ಪಟೆಯಾಗಿಯೂ ಇರುತ್ತಿತ್ತು. ಹುಣಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಟ್ಟೆಗೆ ಬಳಿದು ಮಾಡಿದ ಕಡತದ ಮೇಲೆ ಬಳಪದಿಂದ ಬರೆದು ಅಳಿಸುತ್ತಿದ್ದ ಕನ್ನಡನಾಡಿಗೆ ಇಂಥ ವ್ಯವಸ್ಥೆ ತೀರಾ ಅಪರಿಚಿತವೇನಲ್ಲ.

ನುಡಿ ಲ್ಯಾಟಿನ್ನಿನದಾದರೂ ಅದರ ಹಿಂದಿನ ಉಪಮೆ ಗ್ರೀಕರದು. ಪ್ಲೇಟೋ ‘ಥಿಯಟೀಟಸ್’ ಸಂವಾದದಲ್ಲಿ ನೆನಪನ್ನು ಮುದ್ರೆಯೊತ್ತಿದ ಮೇಣದ ಮುದ್ದೆಗೆ ಹೋಲಿಸಿದ್ದನು. ಅರಿಸ್ಟಾಟಲ್ ಆತ್ಮವನ್ನು ಕುರಿತ ಗ್ರಂಥದ ಮೂರನೆಯ ಭಾಗದಲ್ಲಿ, ಬುದ್ಧಿಯು ಆಲೋಚಿಸುವುದಕ್ಕೆ ಮೊದಲು, ವಾಸ್ತವವಾಗಿ ಏನನ್ನೂ ಬರೆದಿರದ ಬರೆವಣಿಗೆಯ ಹಲಗೆಯಂತೆ ಇರುತ್ತದೆ ಎಂದನು. ಇಲ್ಲಿ ಕೆರೆಯುವ ಮಾತೇ ಇಲ್ಲವೆಂಬುದು ಗಮನಾರ್ಹ. ಅವನ ಒತ್ತು ಇರುವುದು ಶೂನ್ಯತೆಯ ಮೇಲಲ್ಲ, ಬರೆಯಿಸಿಕೊಳ್ಳುವ ಸಾಮರ್ಥ್ಯದ ಮೇಲೆ. ಇದನ್ನು ಸೂಕ್ಷ್ಮವಾಗಿ ಗ್ರಹಿಸಿದ ವ್ಯಾಖ್ಯಾನಕಾರ ಅಫ್ರೋಡಿಸಿಯಸ್‌ನ ಅಲೆಕ್ಸಾಂಡರನು, ಬುದ್ಧಿಯನ್ನು ಹಲಗೆಗಿಂತ ಹೆಚ್ಚಾಗಿ ಹಲಗೆಯ ‘ಬರೆಯದಿರುವಿಕೆ’ಗೇ ಹೋಲಿಸಬೇಕೆಂದು ವಾದಿಸಿದನು. 13ನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸನು ‘ಸುಮ್ಮಾ ಥಿಯೊಲೊಜಿಯೆ’ ಗ್ರಂಥದಲ್ಲಿ ಅರಿಸ್ಟಾಟಲನ ಹೋಲಿಕೆಯನ್ನು ಹೇಳುವಾಗ ‘ತಬುಲಾ ರಾಸಾ’ ಎಂದೇ ಬಳಸಿದ್ದಾನೆ.

ಇಂದು ಈ ನುಡಿಯೊಡನೆ ತಕ್ಷಣ ನೆನಪಾಗುವ ಹೆಸರು ಜಾನ್ ಲಾಕ್‌ನದು. ಆದರೆ 1689ರ ಕೊನೆಯಲ್ಲಿ ಹೊರಬಂದು, ಮುಖಪುಟದಲ್ಲಿ 1690 ಎಂಬ ವರ್ಷವನ್ನು ಹೊತ್ತ ಅವನ ಪ್ರಬಂಧದ ಪ್ರಸಿದ್ಧ ಭಾಗದಲ್ಲಿ ಇರುವುದು ಹಲಗೆಯಲ್ಲ, ಅಕ್ಷರಗಳಿಲ್ಲದ ಬಿಳಿಯ ಕಾಗದ. ಕಾಗದ ಬಂದೊಡನೆ ಅಳಿಸುವಿಕೆಯ ನೆರಳೂ ಮರೆಯಾಯಿತು. ಲಾಕ್‌ನನ್ನು ವಿರೋಧಿಸಿ ಲೈಬ್ನಿಟ್ಸ್ ರಚಿಸಿದ, ಅವನ ಮರಣಾನಂತರ 1765ರಲ್ಲಿ ಪ್ರಕಟವಾದ ಗ್ರಂಥವಾದರೋ, ಅರಿಸ್ಟಾಟಲ್ ಮತ್ತು ಲಾಕ್ ಇಬ್ಬರ ಮತವನ್ನೂ ‘ತಬುಲಾ ರಾಸಾ’ ಎಂದೇ ಹೆಸರಿಸಿ, ಮನಸ್ಸು ನುಣುಪಾದ ಹಲಗೆಯಲ್ಲ, ಒಳಗೇ ಗೆರೆಗಳಿರುವ ಅಮೃತಶಿಲೆ ಎಂದು ಪ್ರತಿವಾದ ಹೂಡಿತು. ಹೀಗೆ ಲಾಕ್‌ನ ಮತಕ್ಕೆ ಈ ಹಣೆಪಟ್ಟಿ ಅಂಟುವುದರಲ್ಲಿ ಎದುರಾಳಿಯ ಲೇಖನಿಯ ಪಾತ್ರವೂ ಇದೆ.

ವಸ್ತುವಿನ ಸಾಕ್ಷ್ಯವು ಈ ವಾದಕ್ಕೆ ಅನಿರೀಕ್ಷಿತ ತಿರುವನ್ನು ಕೊಡುತ್ತದೆ. ಲಂಡನ್ನಿನಲ್ಲಿ 2010ರಿಂದ 2013ರವರೆಗೆ ನಡೆದ ಉತ್ಖನನದಲ್ಲಿ 400ಕ್ಕೂ ಹೆಚ್ಚು ರೋಮನ್ ಹಲಗೆಗಳು ದೊರೆತಿದ್ದು, ಅವುಗಳಲ್ಲೊಂದರ ಮೇಲೆ ಕ್ರಿ.ಶ. 57ರ ಜನವರಿ 8ಕ್ಕೆ ಸಲ್ಲುವ ತೇದಿಯಿದೆ. ಮೇಣ ಎಂದೋ ನಾಶವಾಗಿದ್ದರೂ, ಸ್ಟೈಲಸ್ ಮೇಣವನ್ನು ಭೇದಿಸಿ ಮರಕ್ಕೆ ತಾಗಿದಲ್ಲಿ ಗೀರುಗಳು ಉಳಿದಿವೆ. ಒಂದೇ ಹಲಗೆಯನ್ನು ಸವರಿ ಮತ್ತೆ ಮತ್ತೆ ಬರೆದಾಗ ಹಳೆಯ ಗೀರುಗಳ ಮೇಲೆ ಹೊಸವು ಹೆಣೆದುಕೊಂಡಿರುವುದರಿಂದ, ಯಾವ ಗೆರೆ ಯಾವ ಬರಹಕ್ಕೆ ಸೇರಿದ್ದೆಂದು ಬಿಡಿಸುವುದೇ ಲಿಪಿತಜ್ಞರಿಗೆ ದೊಡ್ಡ ತೊಡಕಾಗಿದೆ.